ಬೀಳು ಜಾಗಕ್ಕೂ ಲೆಕ್ಕ ಇರಲಿ

ಡಾಲಸ್, ಹ್ಯೂಸ್ಟನ್, ಆಸ್ಟಿನ್‌ನಿಂದ ಕೇಳ್ತಿರೋರಲ್ಲಿ ಸರ್ವರ್, ಸ್ಟೋರೇಜ್ ಕೆಲಸದವರು ಬಹಳ ಜನ. ಇವತ್ತಿನ ಮಾತು ನಿಮ್ಮ ಕಸುಬಿನದೇ: ಫೈಲ್‌ಗೆ ಕೊಟ್ಟಾಗಿದೆ, ಆದರೆ ಇನ್ನೂ ಏನೂ ಬರೆದಿಲ್ಲ, ಅಂಥ ಡಿಸ್ಕ್ ಜಾಗದ ಲೆಕ್ಕ ಇಡೋದು ಹೇಗೆ?

ಹ್ಯೂಸ್ಟನ್‌ನಲ್ಲಿ ತೈಲ ಹುಡುಕೋ ಸೀಸ್ಮಿಕ್ ಸರ್ವೆಗೆ ಒಂದು ಪ್ರೋಗ್ರಾಂ 1 ಟಿಬಿ ಜಾಗ ಮೊದಲೇ ಕಾದಿರಿಸುತ್ತೆ ಅಂದ್ಕೊಳ್ಳಿ. ಆ ಜಾಗದಲ್ಲಿ ಬೇರೆಯವರು ಅಳಿಸಿದ ಡೇಟಾ ಹಾಗೇ ಕೂತಿರಬಹುದು. ಡಾಲಸ್‌ನ ಡೇಟಾ ಸೆಂಟರ್‌ನಲ್ಲಿ ಹತ್ತು ಜನ ಹಂಚಿಕೊಂಡ ಮೆಷಿನ್ ಆದರೆ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಸಿಕ್ಕಿಬಿಡುತ್ತೆ.

ಮೊದಲ ದಾರಿ, ಪೂರ್ತಿ ಸೊನ್ನೆ ತುಂಬೋದು. ಸೆಕೆಂಡಿಗೆ 200 ಎಂಬಿ ಬರೆಯುವ ಡಿಸ್ಕ್‌ನಲ್ಲಿ 1 ಟಿಬಿಗೆ ಸುಮಾರು 83 ನಿಮಿಷ ಬೇಕು. ಎರಡನೆಯದು ಎನ್‌ಟಿಎಫ್‌ಎಸ್ ಕ್ರಮ: ಇಡೀ ಫೈಲ್‌ಗೆ ‘ಇಲ್ಲಿವರೆಗೆ ಬರೆದಾಗಿದೆ’ ಅನ್ನೋ ಒಂದೇ ಗೆರೆ. ಸಾಲಾಗಿ ಬರೆದರೆ ಚೆನ್ನ. ನೇರ ಕೊನೆಗೆ ಹಾರಿ ಬರೆದರೆ ನಡುವಿನದ್ದಕ್ಕೆಲ್ಲ ಸೊನ್ನೆ ತುಂಬಬೇಕು.

ಮೂರನೆಯದು ನಮ್ಮ ಪಹಣಿಯಂಥದ್ದು. ಜಮೀನು ನಿಮ್ಮ ಹೆಸರಲ್ಲೇ ಇದೆ, ಬೆಳೆ ಇಲ್ಲ, ‘ಬೀಳು’ ಅಂತ ಬರೆದಿಡೋದು. ಐಬಿಎಂ 2000ದಲ್ಲಿ ಲಿನಕ್ಸ್‌ಗೆ ಮುಕ್ತವಾಗಿ ಕೊಟ್ಟ ಜೆಎಫ್‌ಎಸ್ ಮೇಲೆ ಆಸ್ಟಿನ್‌ನ ಎಂಜಿನಿಯರ್‌ಗಳು ಕೆಲಸ ಮಾಡಿದ್ದರು. ಅದರಲ್ಲಿ ಪ್ರತಿ ಎಕ್ಸ್‌ಟೆಂಟ್‌ಗೂ ಇಂಥ ಗುರುತು ಇದೆ. ಎಕ್ಸ್‌ಎಫ್‌ಎಸ್, ಎಕ್ಸ್ಟ್4 ಕೂಡ ಹಾಗೇ. ಎಕ್ಸ್ಟ್4 ಇದನ್ನು ಎಕ್ಸ್‌ಟೆಂಟ್‌ನ ಉದ್ದ ಬರೆಯೋ 16 ಬಿಟ್‌ನಲ್ಲೇ ಸೇರಿಸಿದೆ. ಹಾಗಾಗಿ ಬರೆದ ಎಕ್ಸ್‌ಟೆಂಟ್‌ಗೆ 32,768 ಬ್ಲಾಕ್ ಮಿತಿ, ಬರೆಯದ್ದಕ್ಕೆ 32,767. ಒಂದೇ ಬ್ಲಾಕ್ ಕಡಿಮೆ!

ಖರ್ಚು ಇಲ್ಲ ಅಂತಲ್ಲ. ಬೀಳಿನ ನಡುವೆ ಬರೆದರೆ ಒಂದು ಎಕ್ಸ್‌ಟೆಂಟ್ ಮೂರಾಗಿ ಒಡೆಯಬಹುದು, ಜರ್ನಲ್‌ಗೆ ಕೆಲಸ ಹೆಚ್ಚುತ್ತೆ. ಅದಕ್ಕೇ 2012ರಲ್ಲಿ, ಈ ಗುರುತನ್ನೇ ಬಿಟ್ಟು ಹಳೇ ಡೇಟಾ ಕಂಡರೂ ಕಾಣಲಿ ಅನ್ನೋ ಆಯ್ಕೆ ಎಕ್ಸ್ಟ್4ಗೆ ಬೇಕು ಅಂತ ಪ್ರಸ್ತಾಪ ಬಂತು. ಮುಖ್ಯ ಲಿನಕ್ಸ್ ಅದನ್ನು ಸೇರಿಸಿಕೊಳ್ಳಲಿಲ್ಲ. ನನ್ನ ಪ್ರಕಾರ ಅದೇ ಸರಿ.

ಯಾಕೆ? ಡೇಟಾ ಡಿಸ್ಕ್ ಮುಟ್ಟಿದ ಮೇಲಷ್ಟೇ ‘ಬೀಳು’ ಗುರುತು ತೆಗೀತಾರೆ. ನಡುವೆ ಕರೆಂಟ್ ಹೋದರೆ ನಿಮಗೆ ಸೊನ್ನೆ ಕಾಣುತ್ತೆ, ನಿಮ್ಮ ಕೊನೆಯ ಬರಹ ಹೋಗಬಹುದು. ಪಕ್ಕದವರ ಡೇಟಾ ಮಾತ್ರ ಬಯಲಾಗಲ್ಲ. ವೇಗ ಬೇಕು ಅಂದೋರು ಒಬ್ಬರು, ಗುಟ್ಟು ಕಳ್ಕೊಳ್ಳೋರು ಇನ್ನೊಬ್ಬರು. ಆ ಇನ್ನೊಬ್ಬರನ್ನು ಯಾರೂ ಒಪ್ಪಿಗೆ ಕೇಳಿರಲ್ಲ. ಹಂಚಿಕೊಂಡ ಮೆಷಿನ್‌ನಲ್ಲಿ ಈ ಗುರುತು ಆಫ್ ಮಾಡೋ ಸ್ವಿಚ್ಚೇ ಇರಬಾರದು.

ನೀವೇನಂತೀರಿ? ಬರೆದು ಕಳಿಸಿ.