ಅರ್ಥಗಾರಿಕೆಯಲ್ಲಿ ತಪ್ಪು ಎಂಬುದುಂಟೆ?

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಒಬ್ಬ ರಾಮನಾಗಿ, ಇನ್ನೊಬ್ಬ ವಾಲಿಯಾಗಿ ಎದುರುಬದುರು ಕುಳಿತು, ಆ ಪದದ ಜಾಡು ಹಿಡಿದು ಸ್ವಂತ ಮಾತು ಕಟ್ಟುತ್ತಾರೆ. ಇದೇ ನಮ್ಮ ಜಿಲ್ಲೆಯ ತಾಳಮದ್ದಳೆ. ಪದ್ಯ ಮಾತ್ರ ಬರೆದಿಟ್ಟದ್ದು. ಮಾತು ಆ ಕ್ಷಣದ್ದು. ಮೇಜಿನ ಸುತ್ತ ಕುಳಿತು ಪಾತ್ರವಾಗಿ ಮಾತಾಡುವ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟ ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾಯಿತು. ಅಲ್ಲಿಯೂ ‘ಹೀಗೆ ಆಡುವುದು ಸರಿಯೇ’ ಎಂಬ ವಾದ ಮುಗಿದಿಲ್ಲ. ನಮ್ಮಲ್ಲಿ ಆ ವಾದ ಬಹು ಹಳೆಯದು.

ಮದ್ದಳೆಯಲ್ಲಾದರೆ ತಪ್ಪು ಕೂಡಲೇ ಕಿವಿಗೆ ತಿಳಿಯುತ್ತದೆ. ನಮ್ಮೂರ ಹೆಸರನ್ನು ದೂರಕ್ಕೆ ಒಯ್ದ ಹಿರಿಯಡ್ಕ ಗೋಪಾಲ ರಾಯರ (1919–2020) ಏರುಮದ್ದಳೆಗೂ ತಾಳದ ಕಟ್ಟು ಇದ್ದೇ ಇತ್ತು. ಮಾತಿಗೆ ಅಂಥ ತಾಳ ಯಾವುದು?

ಪ್ರಸಂಗದ ಚೌಕಟ್ಟೇ ತಾಳವೆಂದು ಕೆಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ‘ವಾಲಿಮೋಕ್ಷ’ದಲ್ಲಿ ವಾಲಿ ಸಾಯಲೇಬೇಕು, ಯಾವ ಪಂಡಿತನೂ ಅವನನ್ನು ಬದುಕಿಸಲಾರ. ಆದರೆ ಸಾಯುವ ಮುನ್ನ ‘ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ?’ ಎಂದು ಅವನು ಕೇಳುವ ರೀತಿ ನೂರು ಬಗೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ತರ್ಕದಿಂದ ಹೆಸರಾದರೆ, ಕುಂಬಳೆ ಸುಂದರ ರಾಯರ ಮಾತು ಪ್ರಾಸದ ಸೊಗಸಿನಿಂದ ಮನಸೆಳೆಯಿತು. ಇವರಲ್ಲಿ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಎನ್ನಲು ಯಾರಿಗೆ ಬಾಯಿ ಬಂದೀತು?

ಆದುದರಿಂದ ತಪ್ಪೇ ಇಲ್ಲವೆಂದು ನಾನು ಹೇಳುವವನಲ್ಲ. ತಪ್ಪು ಒಂದುಂಟು: ಎದುರಾಳಿಗೆ ಮಾತು ಬಿಡದಿರುವುದು. ವಾಲಿಯ ಪ್ರಶ್ನೆಗೆ ಉತ್ತರ ಕೊಡದೆ, ಬಾಯಿಪಾಠದ ಶ್ಲೋಕಗಳನ್ನು ಅರ್ಧ ಗಂಟೆ ಸುರಿಯುವ ರಾಮ ಗೆದ್ದಂತೆ ಕಂಡರೂ ಪ್ರಸಂಗ ಸೋತಿತು. ಅವನು ಕೇಳಿಸಿಕೊಳ್ಳಲಿಲ್ಲ, ಕೇಳದವನಿಗೆ ಎದುರೊಂದು ಪಾತ್ರವೇಕೆ? ಮಾತು ಬಿಟ್ಟು ಮನುಷ್ಯನನ್ನೇ ಚುಚ್ಚುವುದೂ ಇದೇ ತಪ್ಪಿನ ಇನ್ನೊಂದು ಮುಖ.

ಇಷ್ಟನ್ನು ಬಿಟ್ಟು ‘ತಪ್ಪು’ ಎಂಬ ಪದವನ್ನು ಬೇಕಾದಲ್ಲೆಲ್ಲ ಬಳಸಿದರೆ ಅದು ಬೇಲಿಯಾಗುತ್ತದೆ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ, ಮನೆಮಾತು ತುಳು. ‘ನಿಮ್ಮ ಕನ್ನಡ ಅರ್ಥಕ್ಕೆ ಆಗುವುದಿಲ್ಲ, ಕೇಳುತ್ತ ಕುಳಿತರೆ ಸಾಕು’ ಎಂದು ಹಿರಿಯರೊಬ್ಬರು ನನಗೆ ಹೇಳಿದ್ದುಂಟು. ಸುಂದರ ರಾಯರ ಮನೆಮಾತು ಮಲಯಾಳವಾಗಿತ್ತೆಂಬುದನ್ನು ಅವರು ಮರೆತಿರಬೇಕು. ಉಚ್ಚಾರ ತಿದ್ದಬಹುದು, ಕಥೆ ಕಲಿಸಬಹುದು. ಕುಳಿತುಕೊಳ್ಳುವ ಮೊದಲೇ ಎಬ್ಬಿಸಿದರೆ ಕಲಿಸುವುದು ಯಾರಿಗೆ?

ಕಲೆಯ ಶುದ್ಧಿ ಕೆಟ್ಟೀತೆಂಬ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಂಗ್ಲಿಷ್ ಬೆರೆಯದ ಕನ್ನಡವನ್ನು ಗಂಟೆಗಟ್ಟಲೆ ಕೇಳಬಹುದಾದ ಜಾಗಗಳು ಇಂದು ಎಷ್ಟಿವೆ? ಆ ಕಟ್ಟು ಉಳಿಯಲೇಬೇಕು. ಆದರೆ ಅದು ಆಡುವವರ ಮೂಲಕ ಉಳಿಯಬೇಕೇ ಹೊರತು ಹೊರಗಟ್ಟುವವರ ಮೂಲಕವಲ್ಲ.

ನಮ್ಮ ಅಧ್ಯಾಪಕರಲ್ಲಿ ಒಂದು ಬಿನ್ನಹ. ವರ್ಷಕ್ಕೊಮ್ಮೆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ತಾಳಮದ್ದಳೆ ನಡೆಯಲಿ; ವಿದ್ಯಾರ್ಥಿನಿಯರಿಗೂ ರಾಮ, ವಾಲಿ ಸಿಗಲಿ. ಸಹಪಾಠಿಗಳೇ, ತೊದಲಿದರೆ ನಗಬೇಡಿ. ತೊದಲುವುದು ತಪ್ಪಲ್ಲ, ಎದುರಿನವನ ಮಾತಿಗೆ ಕಿವುಡಾಗುವುದು ತಪ್ಪು. ಈ ನಿಯಮ ತಾಳಮದ್ದಳೆಗಷ್ಟೇ ಅಲ್ಲ, ನಾಳೆ ನಾವು ಹೋಗಿ ಕೂರುವ ಪಂಚಾಯತಿಗೂ ಕಚೇರಿಗೂ ಸಲ್ಲುತ್ತದೆ.