ಅರ್ಧ ಬೆಲೆಯ ನಾಣ್ಯ, ಪೂರ್ಣ ಬೆಲೆಯ ಪಾಪ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹೆಸರು ವರ್ಷಗಳಿಂದ ಪತ್ರಿಕೆಗಳಲ್ಲಿ ನಕಲಿ ಬಂಗಾರದ ನಾಣ್ಯಗಳ ವಂಚನೆಗಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಕಥೆ ಬಹುತೇಕ ಒಂದೇ. ಹಳೆಯ ಮನೆಯ ಪಾಯ ಅಗೆಯುವಾಗ ನಿಧಿ ದೊರೆತಿದೆ, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ದೂರದ ಊರಿನವನಿಗೆ ಕರೆ ಬರುತ್ತದೆ. ಆತ ಬಂದಾಗ ಒಂದೆರಡು ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗನ ಪರೀಕ್ಷೆಯಲ್ಲಿ ಅವು ಅಪ್ಪಟ ಚಿನ್ನವೆಂದೇ ತಿಳಿಯುತ್ತದೆ. ಆತ ಲಕ್ಷಗಟ್ಟಲೆ ಹಣದೊಡನೆ ಮರಳುತ್ತಾನೆ. ಗಂಟಿನಲ್ಲಿ ದೊರೆಯುವುದು ಹಿತ್ತಾಳೆ.

ಈ ಕಥೆಯನ್ನು ನಂಬುವುದಕ್ಕೆ ಕಾರಣವಿಲ್ಲದಿಲ್ಲ. ಹೊನ್ನಾಳಿಯ ಹೆಸರಿನಲ್ಲಿಯೇ ಹೊನ್ನಿದೆ. ಈ ಸೀಮೆ ಕೆಳದಿ ಅರಸರ ಆಳ್ವಿಕೆಯನ್ನು ಕಂಡದ್ದು. ಅವರ ಇಕ್ಕೇರಿ ವರಹಗಳ ಕೀರ್ತಿ ಎಷ್ಟಿತ್ತೆಂದರೆ, ಹೈದರಾಲಿಯೂ ತನ್ನ ವರಹದ ಮೇಲೆ ಶಿವಪಾರ್ವತಿಯರ ಮುದ್ರೆಯನ್ನು ಉಳಿಸಿಕೊಂಡನು. ಆದರೆ ಮಾದರಿಯ ಪರೀಕ್ಷೆ ಗಂಟಿನ ಪರೀಕ್ಷೆಯಲ್ಲ. ಒಂದು ಘನ ಸೆಂಟಿಮೀಟರ್ ಚಿನ್ನ 19.3 ಗ್ರಾಂ ತೂಗಿದರೆ ಹಿತ್ತಾಳೆ ಅದರ ಅರ್ಧವೂ ತೂಗದು. ಕೈಯಲ್ಲೆತ್ತಿ ನೋಡಿದರೆ ತಿಳಿಯುವ ಇಷ್ಟನ್ನು ಲೋಭವು ಮರೆಸಿಬಿಡುತ್ತದೆ.

ಇಂಥವರನ್ನು ಅಮಾಯಕರೆಂದು ಕರೆಯುವ ರೂಢಿ ಬೆಳೆದಿದೆ. ಈ ಮಾತನ್ನು ನಾನು ಒಪ್ಪಲಾರೆ. ವಂಚಕರಿಗೆ ಕಾನೂನಿನ ಶಿಕ್ಷೆಯಾಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಂಟಿನಲ್ಲಿ ನಿಜವಾದ ಚಿನ್ನವೇ ಇದ್ದಿದ್ದರೆ ಕೊಂಡವನು ಏನಾಗುತ್ತಿದ್ದನು? ನೆಲದಡಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಳೆಯದು. ಅದನ್ನು ಮುಚ್ಚಿಟ್ಟು ಮಾರುವುದು ಅಪರಾಧವೆಂದು ತಿಳಿದೇ ಆತ ಗುಟ್ಟಾಗಿ ಬರುತ್ತಾನೆ. ಬೆಲೆ ಅರ್ಧವಾದದ್ದೇ ಆ ಗುಟ್ಟಿನಿಂದ. ಮೋಸಹೋದ ಬಳಿಕ ದೂರು ಕೊಡಲು ನಾಚುವುದೂ ಅದರಿಂದಲೇ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ನಕಲಿ ವಸ್ತುವನ್ನು ಮಾರುವ ಪ್ರತಿರೂಪಕ ವ್ಯವಹಾರವು ಮಾರುವವನದು. ಕದ್ದುದನ್ನು ಕೊಳ್ಳುವ ತದಾಹೃತಾದಾನ, ರಾಜಶಾಸನವನ್ನು ಮೀರುವ ವಿರುದ್ಧರಾಜ್ಯಾತಿಕ್ರಮ ಇವೆರಡೂ ಕೊಳ್ಳಹೊರಟವನವು. ಒಂದೇ ವ್ಯವಹಾರದ ಎರಡು ಕಡೆಗೂ ಆಚಾರ್ಯರು ಹೆಸರಿಟ್ಟಿರುವಾಗ ನಾವು ಒಂದು ಕಡೆಯನ್ನು ಮಾತ್ರ ದೂಷಿಸುವುದು ಯಾವ ನ್ಯಾಯ?

ಪ್ರಾಚೀನತೆಯ ಮೇಲಿನ ಪ್ರೀತಿಯಿಂದ ಸಂಗ್ರಹಿಸುತ್ತೇವೆ ಎಂಬ ಸಮಾಧಾನವೊಂದುಂಟು. ಪ್ರೀತಿಯಿದ್ದವನು ದೊರೆತ ಸ್ಥಳವನ್ನು ಮುಚ್ಚಿಡುವ ವ್ಯಾಪಾರಕ್ಕೆ ಹಣ ಕೊಡಲಾರನು. ಸ್ಥಳ ಕಳೆದುಕೊಂಡ ನಾಣ್ಯ ಅರ್ಧ ಇತಿಹಾಸವನ್ನು ಕಳೆದುಕೊಂಡಂತೆ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಪುರಾತನ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಪರವಾನಗಿಯುಳ್ಳವರಿಂದ, ರಸೀದಿ ಪಡೆದು, ನ್ಯಾಯವಾದ ಬೆಲೆಗೆ ಕೊಳ್ಳುವ ಸಂಗ್ರಾಹಕನೊಡನೆ ನನಗೆ ಜಗಳವಿಲ್ಲ.

2026ರ ಜನವರಿಯಲ್ಲಿ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೋಡುವಾಗ ನಿಜವಾಗಿಯೂ ಚಿನ್ನದ ಆಭರಣಗಳು ದೊರೆತವು. ಸಾಧಾರಣ ಕುಟುಂಬವೊಂದು ಅವನ್ನು ಸರ್ಕಾರಕ್ಕೆ ಒಪ್ಪಿಸಿತು. ದಾನಚಿಂತಾಮಣಿ ಅತ್ತಿಮಬ್ಬೆ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಊರು ಅದು. ವ್ರತದ ಹೆಸರನ್ನು ಉಚ್ಚರಿಸದೆಯೂ ಆ ಮನೆಯವರು ವ್ರತವನ್ನು ಪಾಲಿಸಿದರು.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮೂಲ ತಿಳಿಯದ ಹಳೆಯ ನಾಣ್ಯವನ್ನು, ಬಂಗಾರವನ್ನು ಕಾಣಿಕೆಯಾಗಿಯೂ ಸ್ವೀಕರಿಸಬೇಡಿ; ಅಗ್ಗವಾಯಿತೆಂದು ಭಂಡಾರಕ್ಕೆ ಕೊಳ್ಳಲೂ ಬೇಡಿ. ಗೃಹಸ್ಥರು ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು: ಈ ಖರೀದಿಯನ್ನು ನಾಳೆ ಬಸದಿಯ ಮುಂದೆ ನಿಂತು ಎಲ್ಲರಿಗೂ ಹೇಳಬಲ್ಲೆನೇ? ಹೇಳಲಾರದಿದ್ದರೆ, ಆ ನಾಣ್ಯ ಅಪ್ಪಟ ಚಿನ್ನವಾಗಿದ್ದರೂ ನಮ್ಮ ಪಾಲಿಗೆ ಖೋಟಾ.