ಗ್ಲೌಸಿನ ಕೆಲಸಕ್ಕೆ ಬ್ಯಾಟಿನ ಕೂಲಿ

ನನ್ನ ಮೊಮ್ಮಗನಿಗೆ ಹದಿಮೂರು ವರ್ಷ. ಎರಡು ವರ್ಷಗಳಿಂದ ಭಾನುವಾರ ತಪ್ಪದೆ ಕ್ರಿಕೆಟ್ ತರಬೇತಿ ಶಿಬಿರಕ್ಕೆ ಹೋಗುತ್ತಾನೆ. ವಿಕೆಟ್ಟಿನ ಹಿಂದೆ ನಿಲ್ಲುವುದೆಂದರೆ ಅವನಿಗೆ ಊಟ ತಿಂಡಿಯ ನೆನಪೂ ಇರುವುದಿಲ್ಲ. ಹೋದ ವಾರ ಮುಖ ಸಣ್ಣಗೆ ಮಾಡಿಕೊಂಡು ಮನೆಗೆ ಬಂದ. ಏನಪ್ಪಾ ಎಂದರೆ, "ತಾತ, ಕೀಪಿಂಗ್ ಸಾಕಂತೆ. ಮೊದಲು ರನ್ ಹೊಡೆಯೋದು ಕಲಿ, ಗ್ಲೌಸ್ ಯಾರು ಬೇಕಾದ್ರೂ ಹಾಕ್ಕೋತಾರೆ ಅಂದ್ರು ಸರ್" ಎಂದ.

ಆ ಶಿಬಿರದ ಗುರುಗಳ ಮೇಲೆ ನನಗೆ ಕೋಪವಿಲ್ಲ. ಅವರು ಹೇಳಿದ್ದು ಊರೆಲ್ಲ ಹೇಳುತ್ತಿರುವ ಮಾತನ್ನೇ. ನನ್ನ ತಕರಾರು ಆ "ಯಾರು ಬೇಕಾದ್ರೂ" ಎಂಬ ಪದದ ಮೇಲೆ. ಬೇರೆ ಊರಿನವರು ಈ ಮಾತನ್ನಾಡಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಸೈಯದ್ ಕಿರ್ಮಾನಿಯವರು ಆಡಿ ಬೆಳೆದ ಬೆಂಗಳೂರಿನಲ್ಲಿ ನಿಂತು ಆಡಿದರಲ್ಲ, ಅದು ಸಹಿಸಲಾಗದು.

"ವಿಕೆಟ್‌ಕೀಪರ್ ಬ್ಯಾಟ್ಸ್‌ಮನ್" ಎಂಬ ಜೋಡಿ ಹೆಸರನ್ನು ತುಸು ನೋಡಿ. ಇದರಲ್ಲಿ ಮೊದಲನೆಯ ಪದ ಮನೆಯ ಯಜಮಾನ. ಎರಡನೆಯದು ಹಿತ್ತಿಲ ಕೋಣೆಗೆ ಬಾಡಿಗೆಗೆ ಬಂದದ್ದು. ಈಗ ಬಾಡಿಗೆಯವನೇ ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ, ಯಜಮಾನ ಜಗುಲಿಯ ಮೇಲೆ ನಿಂತಿದ್ದಾನೆ. ಆಯ್ಕೆಯ ಮಾತು ಬಂದಾಗಲೆಲ್ಲ "ಅವನ ಸರಾಸರಿ ಎಷ್ಟು?" ಎಂಬುದೇ ಮೊದಲ ಪ್ರಶ್ನೆ. ಎಷ್ಟು ಕ್ಯಾಚು ಬಿಟ್ಟ ಎಂದು ಕೇಳುವವರು ಅಪರೂಪ. ಕೇಳಿದರೂ ಉತ್ತರ ಸಿಕ್ಕುವುದು ಕಷ್ಟ, ಏಕೆಂದರೆ ಸ್ಕೋರು ಪುಸ್ತಕದಲ್ಲಿ ಬಿಟ್ಟ ಕ್ಯಾಚಿಗೆ ಅಂಕಣವೇ ಇಲ್ಲ. ಹತ್ತು ರನ್ನಿನಲ್ಲಿದ್ದ ಎದುರಾಳಿಯನ್ನು ಕೈಬಿಟ್ಟು, ಅವನು ನೂರಹತ್ತು ಮಾಡಿದರೆ, ಆ ನೂರು ರನ್ನು ಯಾರ ಖಾತೆಗೆ ಖರ್ಚು? ಬ್ಯಾಟಿನಿಂದ ತಂದ ಐವತ್ತನ್ನು ಜಮಾ ಬರೆದುಕೊಳ್ಳುವ ಗುಮಾಸ್ತ ಈ ಖರ್ಚನ್ನು ಮಾತ್ರ ಬರೆಯುವುದಿಲ್ಲ. ಇಂಥ ಲೆಕ್ಕವನ್ನು ಶೆಟ್ಟರ ಅಂಗಡಿಯಲ್ಲಿ ತೋರಿಸಿದರೆ ಆ ದಿನವೇ ಕೆಲಸದಿಂದ ಬಿಡಿಸಿಯಾರು.

ಕಿರ್ಮಾನಿಯವರ ಲೆಕ್ಕವನ್ನೇ ತೆಗೆದುಕೊಳ್ಳೋಣ. 1971ರಲ್ಲಿಯೂ 1974ರಲ್ಲಿಯೂ ಅವರು ಇಂಗ್ಲೆಂಡಿಗೆ ಹೋದದ್ದು ಫಾರೂಕ್ ಇಂಜಿನಿಯರ್ ಅವರ ಬದಲಿ ಕೀಪರಾಗಿ. ಟೆಸ್ಟ್ ಆಡಲು 1976ರ ಜನವರಿಯವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಕಾದವರು ತಮ್ಮ ಎರಡನೆಯ ಟೆಸ್ಟಿನಲ್ಲಿಯೇ, ಕ್ರೈಸ್ಟ್‌ಚರ್ಚಿನಲ್ಲಿ, ಒಂದೇ ಇನ್ನಿಂಗ್ಸಿನಲ್ಲಿ ಆರು ಬಲಿಗಳಿಗೆ ಕಾರಣರಾಗಿ ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಒಟ್ಟು 88 ಟೆಸ್ಟು. 160 ಕ್ಯಾಚು, 38 ಸ್ಟಂಪಿಂಗು. ಒಟ್ಟು 198 ಎಂಬ ಆ ಸಂಖ್ಯೆ ಧೋನಿ ಬರುವವರೆಗೆ ಭಾರತದ ಮಟ್ಟಿಗೆ ಅಗ್ರಸಂಖ್ಯೆಯಾಗಿ ನಿಂತಿತ್ತು. ಧೋನಿಯವರು 90 ಟೆಸ್ಟು ಆಡಿ ಕ್ಯಾಚುಗಳಲ್ಲಿ ಬಹಳ ಮುಂದೆ ಹೋದರು. ಆದರೆ ಸ್ಟಂಪಿಂಗಿನಲ್ಲಿ ಅವರದೂ ಸರಿಯಾಗಿ 38. ಮಿಂಚಿನ ಕೈ ಎಂದು ಜಗತ್ತೇ ಹಾಡಿ ಹೊಗಳಿದ ಕೈಯೂ ಇದೂ ಸಮಸಮ.

ಆ 38ರ ಹಿಂದಿನ ಕಷ್ಟವೇನೆಂದು ಬಲ್ಲವರು ಬಲ್ಲರು. ಬೇಡಿ, ಪ್ರಸನ್ನ, ವೆಂಕಟರಾಘವನ್, ಚಂದ್ರಶೇಖರ್: ಈ ನಾಲ್ವರ ಚೆಂಡನ್ನು ಸ್ಟಂಪಿಗೆ ಅಂಟಿಕೊಂಡು ಕೂತು ಹಿಡಿಯಬೇಕು. ಅದರಲ್ಲಿಯೂ ನಮ್ಮ ಚಂದ್ರ ಇದ್ದರಲ್ಲ, ಅವರು ಹೆಸರಿಗೆ ಲೆಗ್ ಸ್ಪಿನ್ನರು. ಚೆಂಡಿನ ವೇಗ ಮಾತ್ರ ಮಧ್ಯಮ ವೇಗಿಯದು. ಬ್ಯಾಟ್ಸ್‌ಮನ್ನನಿಗೆ ತಿಳಿಯದೆ ಹೋದರೆ ಅವನು ಔಟಾಗುತ್ತಾನೆ, ಪೆವಿಲಿಯನ್ನಿಗೆ ಹೋಗಿ ವಿಶ್ರಾಂತಿ ಪಡೆಯುತ್ತಾನೆ. ಕೀಪರನಿಗೆ ತಿಳಿಯದೆ ಹೋದರೆ? ಚೆಂಡಿಗೂ ಅವನಿಗೂ ನಡುವೆ ಬ್ಯಾಟ್ಸ್‌ಮನ್ನನ ದೇಹ ಅಡ್ಡ ಬೇರೆ. ಇಂದಿನ ಲೆಕ್ಕದಲ್ಲಿ ಟೆಸ್ಟಿನ ದಿನಕ್ಕೆ 90 ಓವರು, ಅಂದರೆ 540 ಚೆಂಡು. 540 ಬಾರಿ ಕುಕ್ಕರಗಾಲಿನಲ್ಲಿ ಕೂತು 540 ಬಾರಿ ಏಳಬೇಕು, ಪ್ರತಿ ಸಲವೂ ಚೆಂಡು ತನಗೇ ಬರುತ್ತದೆಂದು ನಂಬಿ. ದೇವಸ್ಥಾನದಲ್ಲಿ ಇಪ್ಪತ್ತೊಂದು ಬಸ್ಕಿ ಹೊಡೆದು ಮೊಣಕಾಲು ಹಿಡಿದುಕೊಳ್ಳುವ ನಾವು ಇದನ್ನು "ಯಾರು ಬೇಕಾದ್ರೂ" ಮಾಡಬಹುದೆನ್ನುತ್ತೇವೆ!

1981-82ರಲ್ಲಿ ಇಂಗ್ಲೆಂಡ್ ತಂಡ ಇಲ್ಲಿಗೆ ಬಂದಿತ್ತು. ಸಾಲಾಗಿ ಮೂರು ಟೆಸ್ಟುಗಳಲ್ಲಿ ಅವರು ಒಟ್ಟು 1964 ರನ್ ಪೇರಿಸಿದರು. ಆ ಮೂರು ಟೆಸ್ಟುಗಳಲ್ಲಿ ಕಿರ್ಮಾನಿಯವರ ಬಗಲಿನಿಂದ ನುಸುಳಿದ ಬೈ ರನ್ನು ಒಂದೂ ಇಲ್ಲ. ಶೂನ್ಯ. ಬ್ಯಾಟ್ಸ್‌ಮನ್ನನ ಶೂನ್ಯಕ್ಕೆ ಪತ್ರಿಕೆಯಲ್ಲಿ ದಪ್ಪಕ್ಷರದ ತಲೆಬರಹ. ಕೀಪರನ ಈ ಶೂನ್ಯ ಸ್ಕೋರು ಪಟ್ಟಿಯ ತಳದಲ್ಲಿ, "ಇತರೆ" ಎಂಬ ಸಾಲಿನಲ್ಲಿ, ಕನ್ನಡಕ ಹಾಕಿದವರಿಗೂ ಕಾಣದಂತೆ ಬಿದ್ದಿರುತ್ತದೆ.

ಹಾಗಾದರೆ ಅವರಿಗೆ ಬ್ಯಾಟ್ ಹಿಡಿಯಲು ಬರುತ್ತಿರಲಿಲ್ಲವೆ? 2759 ರನ್, ಎರಡು ಶತಕ. 1979ರಲ್ಲಿ ಆಸ್ಟ್ರೇಲಿಯದ ಮೇಲೆ ಮುಂಬಯಿಯಲ್ಲಿ ಸಂಜೆಯ ಕಾವಲಿಗೆಂದು ಕಳುಹಿಸಿದ ಮನುಷ್ಯ 101 ಹೊಡೆದು ಔಟಾಗದೆ ಉಳಿದರು. ಅದೇ ಮುಂಬಯಿಯಲ್ಲಿ 1984ರ ಕೊನೆಗೆ ಇಂಗ್ಲೆಂಡಿನ ಮೇಲೆ 102, ರವಿಶಾಸ್ತ್ರಿಯವರೊಡನೆ ಏಳನೆಯ ವಿಕೆಟ್ಟಿಗೆ 235ರ ಜೊತೆಯಾಟ. ಇನ್ನು 1983ರ ಟನ್‌ಬ್ರಿಜ್ ವೆಲ್ಸ್ ಯಾರಿಗೆ ಗೊತ್ತಿಲ್ಲ? 17ಕ್ಕೆ 5, ಆಮೇಲೆ 140ಕ್ಕೆ 8. ಕಪಿಲ್ ದೇವ್ ಅವರ 175ನ್ನು ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಮುರಿಯದ 126ರ ಆ ಒಂಬತ್ತನೆಯ ವಿಕೆಟ್ ಜೊತೆಯಾಟದಲ್ಲಿ ಎದುರು ತುದಿಯಲ್ಲಿ ನಿಂತ ಕಿರ್ಮಾನಿಯವರ 24ನ್ನು ಹೇಳುವವರು ಕಡಮೆ. ಆ ವಿಶ್ವಕಪ್ಪಿನ ಅತ್ಯುತ್ತಮ ಕೀಪರೆಂಬ ಪ್ರಶಸ್ತಿ ಬಂದದ್ದೂ ಅವರಿಗೇ. ಫೈನಲಿನಲ್ಲಿ ಸಂಧು ಅವರ ಚೆಂಡಿಗೆ ಬ್ಯಾಕಸನ ಕ್ಯಾಚು ಹಿಡಿದದ್ದು ಅವರೇ.

ಇಷ್ಟಿದ್ದೂ 1979ರ ವಿಶ್ವಕಪ್ಪಿಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರು ಬೇಡವಾದರು. 102 ಹೊಡೆದ ಕೆಲವೇ ತಿಂಗಳಿಗೆ, 1985ರಲ್ಲಿ, ಆಸ್ಟ್ರೇಲಿಯದ ಒಂದು ದಿನದ ಪಂದ್ಯಾವಳಿಗೂ ಬೇಡವಾದರು. ಅಲ್ಲಿಗೆ ಹೋದವರು ನಮ್ಮವರೇ ಆದ ಸದಾನಂದ ವಿಶ್ವನಾಥ್. ಅದ್ಭುತ ಕೀಪರು, ಮೆಲ್ಬರ್ನಿನ ಫೈನಲಿನಲ್ಲಿ ಮಿಯಾಂದಾದರನ್ನು ಸ್ಟಂಪ್ ಮಾಡಿದ ಪರಿ ಇನ್ನೂ ಕಣ್ಣಿಗೆ ಕಟ್ಟಿದೆ. ಆ ಹುಡುಗನಿಗಾದರೂ ನೆಲೆ ಸಿಕ್ಕಿತೆ? ಮೂರು ಟೆಸ್ಟಿಗೆ ಮುಗಿಯಿತು. ಮತ್ತೆ ಕಿರ್ಮಾನಿಯವರನ್ನು ಕರೆದರು. 1986ರ ಜನವರಿಯಲ್ಲಿ ಸಿಡ್ನಿಯಲ್ಲಿ ಅವರ ಕೊನೆಯ ಟೆಸ್ಟು.

ನನ್ನ ವಾದಕ್ಕೆ ಎದುರು ಹೇಳುವವರು ಇದ್ದಾರೆಂದು ಬಲ್ಲೆ. "ಹಾಗಾದರೆ ಬ್ಯಾಟಿನಿಂದಲೇ ಮೇಲೆ ಬಂದವರ ಪಾಡೇನು?" ಎನ್ನುತ್ತಾರೆ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಅವರ ಪಾಡು ಕೇಳಿ. 1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ಮೇಲೆ 192. ದೆಹಲಿಯಲ್ಲಿ ಮತ್ತೊಂದು ಶತಕ. ಐದು ಟೆಸ್ಟುಗಳಲ್ಲಿ 525 ರನ್. ಆ ವರ್ಷವೇ ಆಸ್ಟ್ರೇಲಿಯದವರು ಬಂದಾಗ ವಿಕೆಟ್ಟಿನ ಹಿಂದೆ ನಿಂತವರು ಇಂದ್ರಜಿತ್‌ಸಿಂಹಜಿ! ಕುಂದರನ್ 18 ಟೆಸ್ಟಿಗೆ ನಿಂತರು. ಕಟ್ಟಕಡೆಗೆ 1967ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಅವರ ಕೈಗೆ ಹೊಸ ಚೆಂಡು ಕೊಟ್ಟು ಬೌಲಿಂಗ್ ಆರಂಭಿಸಲು ಹಚ್ಚಿದರು. ಆಮೇಲೆ ಸ್ಕಾಟ್‌ಲೆಂಡಿಗೆ ಹೋಗಿ ನೆಲೆಸಿ, 2006ರಲ್ಲಿ ಅಲ್ಲಿಯೇ ತೀರಿಕೊಂಡರು. ರನ್ನೇ ಅಳತೆಗೋಲಾಗಿದ್ದರೆ ಕುಂದರನ್ ಉಳಿಯಬೇಕಿತ್ತು. ಗ್ಲೌಸೇ ಅಳತೆಗೋಲಾಗಿದ್ದರೆ ಕಿರ್ಮಾನಿ 1979ರಲ್ಲಿ ಉಳಿಯಬೇಕಿತ್ತು. ಕೀಪರನ ವಿಷಯದಲ್ಲಿ ನಮ್ಮವರ ಕೈಯಲ್ಲಿ ಎರಡು ಕೋಲುಗಳಿವೆ. ಯಾವುದರಿಂದ ಹೊಡೆಯಲು ಅನುಕೂಲವೋ ಅದನ್ನು ಎತ್ತಿಕೊಳ್ಳುತ್ತಾರೆ.

2003ರ ವಿಶ್ವಕಪ್ಪಿನಲ್ಲಿ ದ್ರಾವಿಡ್, 2023ರದರಲ್ಲಿ ಕೆ. ಎಲ್. ರಾಹುಲ್ ಗ್ಲೌಸು ತೊಟ್ಟರು. ಎರಡು ಸಲವೂ ಭಾರತ ಫೈನಲಿಗೆ ಹೋಯಿತು ಎಂದೂ ಹೇಳಬಹುದು. ಒಪ್ಪಿದೆ. ತಂಡ ಕೇಳಿದ್ದನ್ನು ಎದುರಾಡದೆ ಹೊತ್ತ ಅವರಿಬ್ಬರಿಗೂ ನಮಸ್ಕಾರ. ಅದು ಐವತ್ತು ಓವರಿನ ಆಟ. ಐದನೆಯ ದಿನ ಬಿರುಕುಬಿಟ್ಟ ನೆಲದ ಮೇಲೆ ಸ್ಪಿನ್ನರನ ಚೆಂಡಿಗೆ ಸ್ಟಂಪಿನ ಬಳಿ ಕೂರುವುದು ಬೇರೆಯೇ ಕಸುಬು. 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಪಂತ್ ಹೊಡೆದ 89ನ್ನು ನೋಡಿ ನಾನೂ ಕುರ್ಚಿಯಿಂದ ಎದ್ದು ಕುಣಿದವನೇ. ಆ ಕುಣಿತದಲ್ಲಿಯೇ, ಒಂದು ತಿಂಗಳ ಹಿಂದೆ ಅಡಿಲೇಡಿನ ಟೆಸ್ಟಾದ ಮೇಲೆ ತಂಡದಿಂದ ಹೊರಗೆ ಕೂತ ವೃದ್ಧಿಮಾನ್ ಸಹಾ ಅವರ ನೆನಪೂ ಬಂತು. ಆ ಟೆಸ್ಟಿನಲ್ಲಿ ಭಾರತ 36ಕ್ಕೆ ಆಲೌಟಾಗಿತ್ತು. ಹನ್ನೊಂದು ಜನ ಸೇರಿ ಮಾಡಿದ ಪಾಪದಲ್ಲಿ ಕೀಪರನ ಪಾಲು ಯಾವಾಗಲೂ ತುಸು ದೊಡ್ಡದೇ.

ಬ್ಯಾಟು ಬೇಡವೆಂದು ನಾನೆಲ್ಲಿ ಹೇಳಿದೆ? ಹುಡುಗ ರನ್ ಹೊಡೆಯಲಿ, ಚೆನ್ನಾಗಿಯೇ ಹೊಡೆಯಲಿ. ಆದರೆ ಹದಿಮೂರರ ಹುಡುಗನ ಕೈಯಿಂದ ಗ್ಲೌಸು ಕಸಿದುಕೊಂಡು, ಹದಿನೆಂಟಕ್ಕೆ ಬ್ಯಾಟ್ಸ್‌ಮನ್ನನಾದ ಇನ್ನೊಬ್ಬನ ಕೈಗೆ ಅದನ್ನು ತೊಡಿಸಿ "ನಿಲ್ಲು" ಎಂದರೆ ಆ ಕೈ ಹೇಗೆ ಪಳಗೀತು? ಕಸುಬುದಾರನ ಕೈ ಎಳೆವೆಯಲ್ಲಿ ಹದಗೊಳ್ಳಬೇಕು. ಬಡಗಿಯ ಮಗನಿಗೆ ಉಳಿ ಕೊಡುವ ವಯಸ್ಸಿನಲ್ಲಿ ಬರೀ ಗರಗಸ ಕೊಟ್ಟರೆ ಅವನು ಮರ ಕೊಯ್ದಾನು, ಬಾಗಿಲು ಕೂಡಿಸಲಾರ.

ಈ ಭಾನುವಾರ ಮೊಮ್ಮಗನ ಜತೆಗೆ ನಾನೂ ಶಿಬಿರಕ್ಕೆ ಹೋಗುವವನಿದ್ದೇನೆ. ಗುರುಗಳನ್ನು ಕೇಳಬೇಕಾದ್ದು ಒಂದೇ: ಹಿರಿಯ ಹುಡುಗರಲ್ಲಿ ಚೆನ್ನಾಗಿ ಲೆಗ್ ಬ್ರೇಕ್ ಹಾಕುವವನೊಬ್ಬನನ್ನು ಕರೆಯಿರಿ, ನೀವು ಒಂದೇ ಒಂದು ಓವರು ಗ್ಲೌಸು ತೊಟ್ಟು ಸ್ಟಂಪಿನ ಹಿಂದೆ ಕೂತು ತೋರಿಸಿ. ಬೈ ಲೆಕ್ಕ ನಾನು ಬರೆದುಕೊಳ್ಳುತ್ತೇನೆ. ಪೆನ್ಸಿಲು ಆಗಲೇ ಜೇಬಿನಲ್ಲಿದೆ.